ನಿಮ್ಮ ಕಿಟಕಿಗೆ ಬಲೆ, ನಮ್ಮ ಓಣಿಗೆ ಹೊಗೆ

ನಗರಸಭೆಯ ಆರೋಗ್ಯಾಧಿಕಾರಿಗಳಿಗೆ, ತಮ್ಮ ಕಚೇರಿಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ಬದುಕುತ್ತಿರುವ ಓಣಿಯ ದರ್ಜಿಯ ಬಹಿರಂಗ ಪತ್ರ

ಮಾನ್ಯರೇ,

ನೇರವಾಗಿ ವಿಷಯಕ್ಕೆ ಬರುತ್ತೇನೆ. ತಮ್ಮ ಕಚೇರಿಯಲ್ಲಿ ಯಾವ ಪತ್ರವನ್ನಾದರೂ ಮೊದಲ ನಾಲ್ಕು ಸಾಲಿನ ತನಕ ಮಾತ್ರ ಓದುತ್ತಾರೆಂದು ತಮ್ಮ ಜವಾನರೇ ನನಗೆ ಹೇಳಿದ್ದಾರೆ. ಬರುವ ಶುಕ್ರವಾರ ಸಂಜೆ ತಮ್ಮ ಹೊಗೆ ಗಾಡಿ ನಮ್ಮ ಓಣಿಗೆ ಬರಕೂಡದು. ಕಳೆದ ಸಲ ಅದು ಬಂದು ಹೋದ ಮೇಲೆ ಸೊಳ್ಳೆಗಳು ನಮ್ಮ ಮನೆಯಲ್ಲಿ ಸುಖವಾಗಿದ್ದವು, ನನ್ನ ಅಕ್ಕ ಆಸ್ಪತ್ರೆಯಲ್ಲಿದ್ದಳು. ಸೊಳ್ಳೆಯನ್ನು ಓಡಿಸಲು ಹೊರಟ ಗಾಡಿ ಮನುಷ್ಯರನ್ನು ಓಡಿಸುತ್ತಿದೆ ಎಂಬ ಈ ಚಿಕ್ಕ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರಬೇಕಿತ್ತು. ನಾಲ್ಕು ಸಾಲು ಮುಗಿಯಿತು. ಉಳಿದದ್ದನ್ನು ಊರಿನವರಾದರೂ ಓದಲಿ ಎಂದು ಪತ್ರಿಕೆಗೆ ಕಳಿಸುತ್ತಿದ್ದೇನೆ.

ನಾನು ದರ್ಜಿ. ಕಿಟಕಿಗೆ ಬಲೆ, ಮಂಚಕ್ಕೆ ಸೊಳ್ಳೆ ಪರದೆ ಹೊಲಿಯುವುದು ನನ್ನ ಮುಖ್ಯ ಕಸುಬು. ಅಂಗಿ, ಲಂಗ, ಹರಿದ ಚೀಲ ನಡುನಡುವೆ ಬರುತ್ತವೆ. ಇದನ್ನು ನಾನಾಗಿಯೇ ಹೇಳಿಬಿಡುವುದು ವಾಸಿ. ಇಲ್ಲವಾದರೆ ‘ಪರದೆ ಮಾರುವವನಿಗೆ ಹೊಗೆ ಗಾಡಿ ಕಂಡರೆ ಹೊಟ್ಟೆಕಿಚ್ಚು’ ಎಂದು ತಾವು ನನ್ನನ್ನು ಒಂದೇ ಮಾತಿನಲ್ಲಿ ಪಕ್ಕಕ್ಕೆ ಸರಿಸಬಹುದು. ಹೌದು ಸ್ವಾಮಿ, ನನಗೆ ಸ್ವಾರ್ಥವಿದೆ. ಈ ಊರಿನಲ್ಲಿ ಸೊಳ್ಳೆಯ ಹೆಸರು ಹೇಳಿಕೊಂಡು ಹೊಟ್ಟೆ ಹೊರೆಯುವವರಲ್ಲಿ ಒಬ್ಬ ನಾನು, ಇನ್ನೊಂದು ತಮ್ಮ ಇಲಾಖೆ. ನಾಳೆ ಸೊಳ್ಳೆಯೇ ಇಲ್ಲವಾದರೆ ನಾನು ಮತ್ತೆ ಅಂಗಿ ಹೊಲಿಯುತ್ತೇನೆ. ತಾವು ಏನು ಮಾಡುತ್ತೀರೋ ನನಗೆ ತಿಳಿಯದು. ಹೊಲಿಗೆ ಕಲಿಯುವ ಮನಸ್ಸಿದ್ದರೆ ನಮ್ಮ ಅಂಗಡಿಯಲ್ಲಿ ಇನ್ನೊಂದು ಮಿಷನ್ ಖಾಲಿ ಇದೆ.

ಇನ್ನು ಅಕ್ಕ. ಅವಳ ಮುಖ ತಮಗೆ ಗೊತ್ತಿರಲಾರದು, ಆದರೆ ಅವಳ ದನಿಯನ್ನು ತಾವು ಖಂಡಿತ ಕೇಳಿದ್ದೀರಿ. ಬಸ್ ನಿಲ್ದಾಣದ ಮೈಕಿನಲ್ಲಿ ‘ಪ್ರಯಾಣಿಕರು ದಯವಿಟ್ಟು ಗಮನಿಸಿ’ ಎನ್ನುತ್ತಿದ್ದ ಹೆಂಗಸು ಅವಳೇ. ನಿವೃತ್ತಿಯಾಗುವ ತನಕ ಅವಳು ಗಾಜಿನ ಗೂಡಿನಲ್ಲಿ ಕುಳಿತು ಊರಿನ ಎಲ್ಲ ಬಸ್ಸುಗಳನ್ನೂ ಕಳಿಸಿಕೊಟ್ಟಳು. ಒಂದು ಬಸ್ಸು ಹೋಗುವ ದಾರಿಯ ಅಷ್ಟೂ ನಿಲುಗಡೆಗಳನ್ನು ಎಲ್ಲೂ ತಡವರಿಸದೆ ಒಂದೇ ಉಸಿರಿನಲ್ಲಿ ಹೇಳುವುದು ಅವಳ ಹೆಮ್ಮೆ. ಬಸ್ಸು ಕೆಟ್ಟರೆ, ಚಾಲಕ ಬಾರದಿದ್ದರೆ, ಟಯರ್ ಪಂಕ್ಚರ್ ಆದರೆ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವಳ ಬಾಯಿಗೇ: ‘ಪ್ರಯಾಣಿಕರಿಗೆ ಆಗಿರುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ.’ ತಾನು ಓಡಿಸದ ಬಸ್ಸುಗಳಿಗಾಗಿ ಅವಳು ಜೀವನವಿಡೀ ವಿಷಾದಿಸಿದ್ದಾಳೆ. ‘ಬರೀ ಓದಿದ್ರೆ ಆಗಲ್ಲ ಕಣೋ, ಹೇಳುವಾಗ ಸ್ವಲ್ಪ ಬೇಜಾರು ಪಡಬೇಕು, ಆಗ ಜನ ಸುಮ್ಮನಾಗ್ತಾರೆ’ ಎಂದು ನನಗೆ ಹೇಳುತ್ತಿದ್ದಳು.

ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಿಲ್ಲ. ‘ದಯವಿಟ್ಟು ಗಮನಿಸಿ. ಅಡುಗೆಮನೆಯಿಂದ ಹೊರಡಬೇಕಿದ್ದ ಚಹಾ, ಹಾಲು ಒಡೆದ ಕಾರಣ ರದ್ದಾಗಿದೆ’ ಎಂದು ನಮ್ಮ ಮನೆಯಲ್ಲಿ ದಿನವೂ ಪ್ರಕಟಣೆ ಇರುತ್ತದೆ. ಅಮ್ಮ ತೀರಿಕೊಂಡಾಗ ನಾನು ಚಿಕ್ಕವನು. ನನಗೆ ಊಟ ಹಾಕಿದವಳು, ಕಿವಿ ಹಿಂಡಿದವಳು, ಮೊದಲ ಹೊಲಿಗೆ ಮಿಷನ್ ಕೊಡಿಸಿದವಳು ಅವಳೇ. ನನಗೆ ಇರುವವಳು ಅವಳೊಬ್ಬಳು. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯವಿಲ್ಲ.

ಬಸ್ಸಿನ ಹೊಗೆಯಲ್ಲಿ ಅಷ್ಟು ಕಾಲ ಕುಳಿತದ್ದಕ್ಕೆ ಅವಳಿಗೆ ಸಿಕ್ಕ ಉಡುಗೊರೆ ಉಬ್ಬಸ. ‘ಹೊಗೆ ಇರೋ ಕಡೆ ನೀವಿರಬೇಡಿ, ನೀವಿರೋ ಕಡೆ ಹೊಗೆ ಇರಬಾರದು’ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಅಂದಿನಿಂದ ನಮ್ಮ ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವಂತಿಲ್ಲ, ಡಬ್ಬಿಯ ಔಷಧಿ ಚಿಮುಕಿಸುವಂತಿಲ್ಲ, ಗೋಡೆಗೆ ಸಿಕ್ಕಿಸುವ ಸೀಸೆಯೂ ಇಲ್ಲ. ಸೊಳ್ಳೆಗಳಿಗೆ ಈ ಸುದ್ದಿ ಹೇಗೆ ಮುಟ್ಟಿತೋ ಕಾಣೆ, ನೆಂಟರಿಷ್ಟರ ಸಮೇತ ಬಂದವು.

ಅವುಗಳ ಮುಖ್ಯ ಗುರಿ ನಾನು. ತಾವು ಒಮ್ಮೆ ಯೋಚಿಸಿ ನೋಡಿ. ಮಿಷನ್ ತುಳಿಯುವ ದರ್ಜಿಯ ಎರಡೂ ಕೈ ಬಟ್ಟೆಯ ಮೇಲೆ, ಎರಡೂ ಕಾಲು ಪೆಡಲಿನ ಮೇಲೆ. ಸೊಳ್ಳೆಗೆ ಇಂಥ ಸಜ್ಜನ ಬೇರೆ ಎಲ್ಲಿ ಸಿಗಬೇಕು? ಊರಿಗೆಲ್ಲ ಪರದೆ ಹೊಲಿಯುವವನ ಕಾಲು ಮಾತ್ರ ಮಿಷನ್ನಿನ ಕೆಳಗೆ ಬಯಲಿನಲ್ಲಿತ್ತು. ಕೊನೆಗೆ ಉಳಿದ ಬಲೆಯ ತುಂಡುಗಳನ್ನು ಸೇರಿಸಿ ಮೊಣಕಾಲಿನ ತನಕ ಬರುವ ಎರಡು ಚೀಲ ಹೊಲಿದುಕೊಂಡೆ. ಅದನ್ನು ಹಾಕಿಕೊಂಡು ಒಂದು ದಿನ ಮರೆತು ಮಾರುಕಟ್ಟೆಗೂ ಹೋಗಿಬಂದೆ. ಯಾರೂ ಏನೂ ಕೇಳಲಿಲ್ಲ, ಹೊಸ ಫ್ಯಾಷನ್ ಎಂದುಕೊಂಡರೋ ಏನೋ.

ವಿಷ ಬೇಡವೆಂದ ಮೇಲೆ ಬೇರೆ ಉಪಾಯ ಹುಡುಕಬೇಕಲ್ಲ. ನಮ್ಮ ಓಣಿಯ ತಲೆಯಲ್ಲಿ ಸಲೂನ್ ಇಟ್ಟುಕೊಂಡಿರುವ ಗೆಳೆಯನೊಬ್ಬನಿದ್ದಾನೆ. ಗಿರಾಕಿಯ ಕತ್ತಿನ ಮೇಲೆ ಕತ್ತಿ ಇಟ್ಟು ಉಪನ್ಯಾಸ ಕೊಡುವುದರಿಂದ ಯಾರೂ ಎದ್ದು ಹೋಗುವಂತಿಲ್ಲ; ಹಾಗಾಗಿ ಅವನಿಗೆ ಪ್ರೊಫೆಸರ್ ಎಂದೇ ಹೆಸರು. ನಿಂಬೆಹಣ್ಣನ್ನು ಅರ್ಧ ಕೊಯ್ದು ಅದಕ್ಕೆ ಲವಂಗ ಚುಚ್ಚಿಟ್ಟರೆ ಸೊಳ್ಳೆ ಹತ್ತಿರ ಸುಳಿಯದು ಎಂದು ಪ್ರೊಫೆಸರ್ ಅಪ್ಪಣೆ ಕೊಡಿಸಿದ. ಇಟ್ಟೆವು. ಒಂದು ಸೊಳ್ಳೆ ಬಂದು ಲವಂಗದ ತಲೆಯ ಮೇಲೆ ಕುಳಿತು ವಿಶ್ರಾಂತಿ ತೆಗೆದುಕೊಂಡಿತು. ಬಾಗಿಲಿಗೆ ಬೆಳ್ಳುಳ್ಳಿ ಉಜ್ಜು ಎಂದ. ಉಜ್ಜಿದೆವು. ಗಿರಾಕಿಗಳು ಹೋದರು, ಸೊಳ್ಳೆಗಳು ಉಳಿದವು. ಕೊನೆಗೆ ಅಕ್ಕ ಹಳೆಯ ಟೇಬಲ್ ಫ್ಯಾನನ್ನು ಮಿಷನ್ನಿನ ಕೆಳಗೆ ನನ್ನ ಕಾಲಿನತ್ತ ತಿರುಗಿಸಿ ಇಟ್ಟಳು. ಅಷ್ಟೇ. ಆ ಗಾಳಿಗೆ ಸೊಳ್ಳೆಗೆ ಹಾರಲಾಗುವುದಿಲ್ಲ. ಪ್ರೊಫೆಸರ್ ಅದನ್ನು ನೋಡಿ ‘ನಾನೂ ಅದನ್ನೇ ಹೇಳಬೇಕು ಅಂತಿದ್ದೆ’ ಎಂದ.

ಫ್ಯಾನು, ಪರದೆ, ತುಂಬುತೋಳಿನ ಅಂಗಿ, ಇವೆಲ್ಲ ಹಾರುವ ಸೊಳ್ಳೆಯಿಂದ ತಪ್ಪಿಸಿಕೊಳ್ಳುವ ದಾರಿ. ಆದರೆ ಅವು ಹುಟ್ಟುವುದೆಲ್ಲಿ? ನಮ್ಮ ಓಣಿಗೆ ನಲ್ಲಿ ನೀರು ಯಾವಾಗ ಬರುತ್ತದೆ ಎಂಬುದು ನೀರು ಬಿಡುವವನಿಗೂ ಗೊತ್ತಿಲ್ಲ; ಅದಕ್ಕೆ ಮನೆಮನೆಯ ಮುಂದೆಯೂ ಒಂದೊಂದು ಡ್ರಮ್ಮು ತುಂಬಿಟ್ಟಿರುತ್ತೇವೆ. ಡ್ರಮ್ಮುಗಳಿಗೆಲ್ಲ ಬಲೆಯ ಮುಚ್ಚಳ ಹೊಲಿದುಕೊಡುತ್ತೇನೆ ಎಂದು ನಾನು ಮುಂದೆ ಬಿದ್ದೆ. ಇಲ್ಲಿ ನನ್ನ ಕಸುಬಿನ ಜಂಬ ಅಡ್ಡ ಬಂತು. ಸುತ್ತ ಇಲಾಸ್ಟಿಕ್, ಅಂಚಿಗೆ ನೆರಿಗೆ, ನಡುವೆ ಬಲೆಯನ್ನು ಸಡಿಲ ಬಿಟ್ಟು ಅಂದವಾಗಿ ಇಳಿಬೀಳುವ ಹಾಗೆ ಹೊಲಿದೆ. ನೋಡಿದವರೆಲ್ಲ ಹೊಗಳಿದರು. ಡ್ರಮ್ಮುಗಳು ಮದುಮಗಳಂತೆ ಕಾಣುತ್ತಿದ್ದವು.

ಆದದ್ದೇನೆಂದರೆ, ಆ ಅಂದವಾದ ಇಳಿತ ಹೋಗಿ ನೀರಿಗೆ ತಾಗಿತು. ಒದ್ದೆ ಬಲೆಯ ಮೇಲೆ ಸೊಳ್ಳೆಗಳು ಆರಾಮವಾಗಿ ಕುಳಿತು ಮೊಟ್ಟೆ ಇಟ್ಟವು. ಮರಿಗಳು ಕೆಳಗಿನ ನೀರಿಗೆ ಇಳಿದವು, ಬೆಳೆದವು, ರೆಕ್ಕೆ ಬಂದ ಮೇಲೆ ಹೊರಗೆ ಹೋಗಲು ದಾರಿಯಿಲ್ಲದೆ ಮುಚ್ಚಳದ ಕೆಳಗೇ ಕಾದವು. ಒಂದು ಬೆಳಿಗ್ಗೆ ಅಕ್ಕ ಚೊಂಬು ಹಿಡಿದು ಮುಚ್ಚಳ ಎತ್ತಿದಳು. ಮುಖಕ್ಕೆ ರಾಚಿದ ಸೊಳ್ಳೆಗಳನ್ನು ಕೈಯಲ್ಲಿ ಬೀಸಿಕೊಳ್ಳುತ್ತ ಅವಳು ಒಳಗಿದ್ದ ನನಗೆ ಕೇಳುವಂತೆ, ‘ದಯವಿಟ್ಟು ಗಮನಿಸಿ. ದರ್ಜಿಯವರ ಮುಚ್ಚಳದಿಂದ ಹೊರಡುವ ಎಲ್ಲ ಸೊಳ್ಳೆಗಳು ಸರಿಯಾದ ಸಮಯಕ್ಕೆ ಹೊರಟಿವೆ’ ಎಂದಳು. ನಾನು ಅಷ್ಟೂ ನೆರಿಗೆ ಬಿಚ್ಚಿ ಬಲೆಯನ್ನು ಬಿಗಿಯಾಗಿ ಎಳೆದು ಮತ್ತೆ ಹೊಲಿದೆ.

ಮೀನಿನ ಉಪಾಯ ಪ್ರೊಫೆಸರನದು, ಈ ಸಲ ನಿಜವಾಗಿಯೂ ಅವನದೇ. ಸಲೂನಿನ ಕನ್ನಡಿಯ ಪಕ್ಕ ಅವನು ಒಂದು ಗಾಜಿನ ತೊಟ್ಟಿಯಲ್ಲಿ ಗಪ್ಪಿ ಮೀನು ಸಾಕಿದ್ದಾನೆ. ಬೆರಳಿನ ಗೆಣ್ಣಿನಷ್ಟುದ್ದದ ಮೀನು. ಮರಿ ಹಾಕುವುದೊಂದು ಬಿಟ್ಟು ಬೇರೆ ಹವ್ಯಾಸವಿಲ್ಲ. ಜಾಗ ಸಾಲದೆ ಅವನು ಖಾಲಿ ಶಾಂಪೂ ಡಬ್ಬಿಗಳಲ್ಲಿ ತುಂಬಿಸಿ ಹಂಚತೊಡಗಿದ. ಕೂದಲು ಕತ್ತರಿಸಿಕೊಳ್ಳಲು ಹೋದವರು ಮೀನು ಹಿಡಿದು ಮನೆಗೆ ಬಂದರು. ಡ್ರಮ್ಮಿಗೆ ಬಿಟ್ಟ ಮೀನುಗಳು ಸೊಳ್ಳೆಮರಿಗಳನ್ನು ಒಂದೂ ಬಿಡದೆ ನುಂಗಿದವು. ನಮ್ಮ ಡ್ರಮ್ಮಿನಲ್ಲಿ ಒಂದು ದಪ್ಪ ಮೀನು ಬೇರೆಯವು ಕೆಲಸ ಮಾಡುತ್ತಿದ್ದರೆ ತಾನು ಮೇಲೆ ತೇಲುತ್ತ ಬಾಯಿ ತೆರೆದು ಮುಚ್ಚುತ್ತಿತ್ತು. ಅಕ್ಕ ಅದಕ್ಕೆ ‘ಅಧಿಕಾರಿ’ ಎಂದು ಹೆಸರಿಟ್ಟಳು. ತಾವು ತಪ್ಪು ತಿಳಿಯಬಾರದು, ಅವಳಿಗೆ ಅದರ ಮೇಲೆ ಬಹಳ ಪ್ರೀತಿ ಇತ್ತು.

ವಾರಕ್ಕೊಮ್ಮೆ ಪಾತ್ರೆಗಳನ್ನು ಬೋರಲು ಹಾಕುವುದು, ಮೊಟ್ಟೆ ಅಂಟಿರುವ ಬಕೆಟ್ಟಿನ ಒಳಗೋಡೆ ಉಜ್ಜುವುದು, ಹೂಕುಂಡದ ಕೆಳಗಿನ ತಟ್ಟೆ ಒಣಗಿಸುವುದು, ಎಲ್ಲವನ್ನೂ ಅಕ್ಕ ಕಿಟಕಿಯಲ್ಲಿ ನಿಂತು ಪ್ರಕಟಿಸುತ್ತಿದ್ದಳು. ಮೊದಲು ನಕ್ಕವರು ಆಮೇಲೆ ಬ್ರಷ್ಷು ಹಿಡಿದರು. ಕ್ರಮೇಣ ಸಂಜೆ ಹೊರಗೆ ಕುರ್ಚಿ ಹಾಕಿಕೊಂಡು ಕೂರುವಷ್ಟು ನಮ್ಮ ಓಣಿ ಸುಧಾರಿಸಿತು. ಗೋಡೆಯ ಆಚೆ ಬದಿಯಿಂದ, ಅಂದರೆ ತಮ್ಮ ಕಚೇರಿಯ ಕಡೆಯಿಂದ, ಕೆಲವು ಸೊಳ್ಳೆಗಳು ಬರುತ್ತಲೇ ಇದ್ದವು. ಸರ್ಕಾರಿ ಸೊಳ್ಳೆಗಳು, ಸಂಜೆ ಕಚೇರಿ ಮುಚ್ಚಿದ ಮೇಲೆ ಬರುತ್ತವೆ ಎಂದು ನಾವು ತಮಾಷೆ ಮಾಡಿಕೊಂಡೆವು. ಅದು ತಮಾಷೆಯಲ್ಲ ಎಂದು ಆಮೇಲೆ ಗೊತ್ತಾಯಿತು.

ಅಷ್ಟರಲ್ಲಿ ತಮ್ಮ ‘ಸೊಳ್ಳೆ ಮುಕ್ತ ನಗರ’ ಅಭಿಯಾನ ಶುರುವಾಯಿತು. ಒಂದು ಮಧ್ಯಾಹ್ನ ತಮ್ಮ ಕೆಲಸದವರಿಬ್ಬರು ಕ್ಯಾನು ಹಿಡಿದು ಬಂದು, ಬಿಗಿಯಾಗಿ ಹೊಲಿದಿದ್ದ ಮುಚ್ಚಳಗಳನ್ನು ಸರಸರನೆ ತೆಗೆದು, ಡ್ರಮ್ಮುಗಳಿಗೆ ಎಣ್ಣೆಯಂಥದ್ದೇನನ್ನೋ ಸುರಿಯತೊಡಗಿದರು.

‘ಅದರಲ್ಲಿ ಮೀನಿದೆಯಪ್ಪಾ’ ಎಂದಳು ಅಕ್ಕ.

‘ನಮಗೆ ಡ್ರಮ್ಮಿಗೆ ಹಾಕಿ ಅಂದಿದಾರೆ ಅಮ್ಮಾ. ಮೀನಿದ್ರೆ ಹಾಕಬೇಡಿ ಅಂತ ಯಾರೂ ಹೇಳಿಲ್ಲ.’

‘ಅದರಲ್ಲಿ ಸೊಳ್ಳೆಮರಿ ಇಲ್ಲವಲ್ಲ, ನೋಡಿ ಬೇಕಾದ್ರೆ.’

‘ಇಲ್ಲದಿದ್ರೆ ಒಳ್ಳೇದೇ ಆಯ್ತಲ್ಲ. ಇನ್ನೂ ಚೆನ್ನಾಗಿ ಇರಲ್ಲ.’

ಅವರನ್ನು ನಾನು ದೂರುವುದಿಲ್ಲ. ಹೇಳಿದ ಕೆಲಸ ಮಾಡಿದರು. ಮರುದಿನ ಬೆಳಿಗ್ಗೆ ಓಣಿಯ ಎಲ್ಲ ಡ್ರಮ್ಮುಗಳಲ್ಲೂ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಧಿಕಾರಿಯೂ ತೇಲುತ್ತಿತ್ತು, ಆದರೆ ಬಾಯಿ ತೆರೆದು ಮುಚ್ಚುತ್ತಿರಲಿಲ್ಲ. ಅಕ್ಕ ಅವನ್ನು ಜರಡಿಯಲ್ಲಿ ಎತ್ತಿ ಹಿತ್ತಲಿನ ಗಿಡದ ಬುಡಕ್ಕೆ ಹಾಕಿದಳು. ಆ ದಿನ ನಮ್ಮ ಮನೆಯಲ್ಲಿ ಯಾವ ಪ್ರಕಟಣೆಯೂ ಇರಲಿಲ್ಲ. ಸೊಳ್ಳೆ ತಿನ್ನುವ ಮೀನನ್ನು ಕೊಂದು ಸೊಳ್ಳೆಗೆ ಉಪಕಾರ ಮಾಡುವ ಈ ಯೋಜನೆ ಯಾರ ತಲೆಯಲ್ಲಿ ಹೊಳೆಯಿತು, ಸ್ವಾಮಿ? ಅವರಿಗೆ ಸೊಳ್ಳೆಗಳೇ ಸೇರಿ ಒಂದು ಸನ್ಮಾನ ಇಟ್ಟುಕೊಳ್ಳಬೇಕು.

ಅದೇ ವಾರ ಹೊಗೆ ಗಾಡಿ ಬಂತು. ಗಾಡಿಯ ಮೈಕು ‘ಹೊಗೆ ಒಳಗೆ ಬರಲು ಕಿಟಕಿ ಬಾಗಿಲು ತೆರೆದಿಡಿ’ ಎನ್ನುತ್ತಿತ್ತು. ಹಿಂದಿನ ದಿನ ತಮ್ಮ ಕಚೇರಿಯವರೇ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲಿ ‘ಉಸಿರಾಟದ ತೊಂದರೆ ಇದ್ದವರು ಬಾಗಿಲು ಭದ್ರಪಡಿಸಿಕೊಳ್ಳಿ’ ಎಂದಿತ್ತು. ಒಂದೇ ಮನೆಯಲ್ಲಿ ಸೊಳ್ಳೆಯೂ ಉಬ್ಬಸವೂ ಇದ್ದರೆ ಬಾಗಿಲನ್ನು ಏನು ಮಾಡಬೇಕು? ಅರ್ಧ ತೆರೆಯಬೇಕೇ? ಅಕ್ಕನ ಕಡೆಯ ಅರ್ಧ ಮುಚ್ಚಿ, ಸೊಳ್ಳೆಯ ಕಡೆಯ ಅರ್ಧ ತೆರೆಯಬೇಕೇ? ಹೊಗೆಗೆ ಇದನ್ನು ಯಾರು ತಿಳಿಸಿ ಹೇಳುವುದು?

ನಾನು ಪರದೆ ಕೊಟ್ಟುಬರಲು ಆಚೆ ಬೀದಿಗೆ ಹೋಗಿದ್ದೆ. ಅಕ್ಕ ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಒಳಕೋಣೆಯಲ್ಲಿ ಕುಳಿತಿದ್ದಳು. ಆದರೆ ನಮ್ಮದು ಹಳೆಯ ಮನೆ, ಮಾಡಿನಡಿಯ ಗಾಳಿಗಂಡಿಗಳಿಗೆ ಬಾಗಿಲಿಲ್ಲ, ನಾನು ಹೊಲಿದ ಬಲೆ ಮಾತ್ರ ಇದೆ. ನನ್ನ ಬಲೆ ಸೊಳ್ಳೆಯನ್ನು ತಡೆಯುತ್ತದೆ. ತಮ್ಮ ಹೊಗೆಯನ್ನು ತಡೆಯುವ ಬಲೆಯನ್ನು ಇನ್ನೂ ಯಾರೂ ನೇಯ್ದಿಲ್ಲ. ಮುಚ್ಚಿದ ಬಾಗಿಲು ಕಂಡು, ಒಳಗಿನವರಿಗೆ ಅನ್ಯಾಯವಾದೀತೆಂದು ಹೊಗೆಯವನು ಕೊಳವೆಯನ್ನು ನಮ್ಮ ಗಾಳಿಗಂಡಿಗೇ ಹಿಡಿದನಂತೆ. ಅಕ್ಕ ಒಳಗಿನಿಂದಲೇ ಮೈಕಿನ ದನಿಯಲ್ಲಿ, ‘ಗಾಡಿಯವರು ದಯವಿಟ್ಟು ಗಮನಿಸಿ, ಗಾಡಿಯನ್ನು ಕೂಡಲೇ ನಿಲ್ಲಿಸಿ’ ಎಂದಳಂತೆ. ಗಾಡಿ ನಿಂತೇಬಿಟ್ಟಿತು. ಚಾಲಕ ಮೊದಲು ಬಸ್ಸು ಓಡಿಸುತ್ತಿದ್ದವನು. ಆ ದನಿ ಹೇಳಿದ್ದನ್ನು ಮೀರಿ ಗೊತ್ತಿಲ್ಲ. ಅವನು ಕೆಳಗಿಳಿದು ‘ಯಾರು, ಅಕ್ಕಾವರಾ?’ ಎಂದು ಬಾಗಿಲ ಬಳಿ ಕೇಳಿದ. ಒಳಗಿನಿಂದ ಉತ್ತರ ಬರಲಿಲ್ಲ.

ಬಾಗಿಲು ಒಡೆದವನು ಅದೇ ಚಾಲಕ, ಎತ್ತಿಕೊಂಡವನು ಪ್ರೊಫೆಸರ್. ಆಗ ಕ್ಷೌರಕ್ಕೆ ಕುಳಿತಿದ್ದ ಪುಣ್ಯಾತ್ಮನೊಬ್ಬ ಅರ್ಧ ಗಡ್ಡ ತೆಗೆಸಿಕೊಂಡು, ಇನ್ನರ್ಧಕ್ಕೆ ನೊರೆ ಹಚ್ಚಿಕೊಂಡೇ ಆಟೋ ನಿಲ್ಲಿಸಿ ಜೊತೆಗೆ ಹೋದ. ಆಸ್ಪತ್ರೆಯಲ್ಲಿ ನರ್ಸಮ್ಮ ಮೊದಲು ಅವನನ್ನೇ ಮಲಗಿಸಲು ನೋಡಿದರಂತೆ. ಇದನ್ನು ನೆನೆದು ನಾವು ಈಗ ನಗುತ್ತೇವೆ. ಆ ಸಂಜೆ ನಾನು ಆಸ್ಪತ್ರೆ ಮುಟ್ಟಿದಾಗ ಅಕ್ಕನ ಮುಖದ ಮೇಲೆ ಮಾಸ್ಕು ಇತ್ತು, ತುಟಿ ನೀಲಿಯಾಗಿತ್ತು, ಕಣ್ಣು ಮಾತ್ರ ನನ್ನನ್ನು ಹುಡುಕುತ್ತಿತ್ತು. ಅಷ್ಟು ಹೆದರಿಕೆ ನನಗೆ ಹಿಂದೆ ಯಾವತ್ತೂ ಆಗಿರಲಿಲ್ಲ.

ಅಕ್ಕ ಮನೆಗೆ ಬಂದಳು. ಆದರೆ ಉಸಿರು ಪೂರ್ತಿ ಬರಲಿಲ್ಲ. ಹಳೆಯ ಅಭ್ಯಾಸಕ್ಕೆ ಒಂದು ಬಸ್ಸಿನ ನಿಲುಗಡೆಗಳನ್ನು ಹೇಳಲು ಹೊರಟು ಅರ್ಧ ದಾರಿಗೆ ನಿಂತಳು. ನೀರು ಕುಡಿದು, ಸ್ವಲ್ಪ ಹೊತ್ತು ಕುಳಿತು, ‘ಅಲ್ವೋ, ಇಷ್ಟೆಲ್ಲ ಆಯ್ತಲ್ಲ’ ಎಂದಳು. ಉಸಿರೆಳೆದುಕೊಂಡು, ‘ಒಬ್ಬರಾದರೂ ಬಂದು ವಿಷಾದಿಸುತ್ತೇವೆ ಅನ್ನಲಿಲ್ಲ ನೋಡು’ ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಕಸುಬು ಗೊತ್ತಿದ್ದವಳು ಕಸುಬಿನ ಲೋಪವೊಂದನ್ನು ಗಮನಿಸಿದ ಹಾಗೆ ಹೇಳಿದಳು.

ಇದಾದ ಕೆಲವು ದಿನಕ್ಕೆ ತಮ್ಮ ಜವಾನರು ನಮ್ಮ ಅಂಗಡಿಗೆ ಬಂದರು. ‘ಸಾಹೇಬರ ಕೋಣೆ ಕಿಟಕಿಗೆಲ್ಲ ನೆಟ್ ಹಾಕಬೇಕಂತೆ, ಅಳತೆಗೆ ಬನ್ನಿ’ ಎಂದರು. ಬಂದೆ. ತಮಗೆ ನನ್ನ ನೆನಪಿರಲಿಕ್ಕಿಲ್ಲ. ಸ್ಟೂಲಿನ ಮೇಲೆ ನಿಂತವರ ಕಾಲು ಮಾತ್ರ ಕುರ್ಚಿಯಲ್ಲಿ ಕುಳಿತವರಿಗೆ ಕಾಣುತ್ತದೆ. ನನಗೆ ಮಾತ್ರ ಎಲ್ಲವೂ ಕಂಡಿತು. ತಮ್ಮ ಕೋಣೆಯಲ್ಲಿ ಒಂದು ದೊಡ್ಡ ಫ್ಯಾನು ಮೇಲೆ, ಒಂದು ಚಿಕ್ಕ ಫ್ಯಾನು ಮೇಜಿನ ಕೆಳಗೆ ತಮ್ಮ ಪಾದದತ್ತ ಮುಖ ಮಾಡಿಕೊಂಡು ತಿರುಗುತ್ತಿತ್ತು. ಮೂಲೆಯ ಹೂಕುಂಡದ ತಟ್ಟೆ ಒಣಗಿತ್ತು. ತಾವು ತುಂಬುತೋಳಿನ ಅಂಗಿ ಹಾಕಿ ಗುಂಡಿ ಬಿಗಿದಿದ್ದಿರಿ. ಸೊಳ್ಳೆ ಬತ್ತಿಯಿಲ್ಲ, ಔಷಧಿಯ ವಾಸನೆಯಿಲ್ಲ. ಒಂದು ಗಳಿಗೆ ನಮ್ಮ ಮನೆಯಲ್ಲೇ ಇದ್ದೇನೆ ಅನ್ನಿಸಿತು.

‘ಬಿಗಿಯಾಗಿ ಹಾಕಿ. ಒಂದೂ ಒಳಗೆ ಬರಬಾರದು’ ಎಂದಿರಿ ತಾವು.

‘ಆಯ್ತು ಸರ್. ಈ ಅಂಗಳಕ್ಕೆ ಹೊಗೆ ಗಾಡಿ ಬರಲ್ವಾ?’ ಎಂದು ಕೇಳಿದೆ.

ಉತ್ತರ ಕೊಟ್ಟವರು ತಮ್ಮ ಜವಾನರು. ‘ಸಾಹೇಬರಿಗೆ ಹೊಗೆ ಆಗಿಬರಲ್ಲ. ಗಂಟಲು ಹಿಡಿಯುತ್ತೆ. ಗಾಡಿ ಏನಿದ್ರೂ ಗೇಟಿಂದ ಆಚೆಗೆ.’

ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದು ನಾನು ಕೇಳಿಯೇಬಿಟ್ಟೆ. ‘ಸರ್, ನಮ್ಮ ಅಕ್ಕನಿಗೂ ಆಗಲ್ಲ. ಹಿಂದಿನ ಓಣಿಯೊಂದನ್ನು ಬಿಟ್ಟುಬಿಡೋಕೆ ಹೇಳಿ. ಸೊಳ್ಳೆ ನಾವೇ ನೋಡ್ಕೋತೀವಿ.’ ಇಷ್ಟು ಹೇಳಿ, ಅಂಚು ಗುರುತು ಮಾಡಲು ಗುಂಡುಸೂಜಿಗಳನ್ನು ತುಟಿಯಲ್ಲಿ ಕಚ್ಚಿಕೊಂಡೆ.

ತಾವು ಫೈಲಿನಿಂದ ಕಣ್ಣೆತ್ತದೆ ಹೇಳಿದ ಮಾತು ಅಕ್ಷರಶಃ ಇದು: ‘ಹಾಗೆಲ್ಲ ಒಬ್ಬೊಬ್ಬರಿಗೆ ಒಂದೊಂದು ಥರ ಮಾಡೋಕ್ಕಾಗಲ್ಲ. ರೂಲ್ಸ್ ಅಂದ್ರೆ ಎಲ್ಲರಿಗೂ ಒಂದೇ.’

ಆಗ ನಾನು ಏನೂ ಹೇಳಲಿಲ್ಲ. ತಾವು ಒಪ್ಪಿಗೆ ಎಂದು ತಿಳಿದಿರಿ. ಗುಂಡುಸೂಜಿ ಕಚ್ಚಿಕೊಂಡ ದರ್ಜಿಗೆ ಬಾಯಿ ತೆರೆಯಲಾಗುವುದಿಲ್ಲ, ತೆರೆದರೆ ಸೂಜಿ ಗಂಟಲಿಗೆ ಹೋಗುತ್ತದೆ. ಈ ಪತ್ರ ಆ ದಿನ ಬಾಯೊಳಗೇ ಉಳಿದ ಉತ್ತರ. ಎಲ್ಲರಿಗೂ ಒಂದೇ ನಿಯಮವಿರುವ ಕೋಣೆಯ ಕಿಟಕಿಗೆ, ಆ ನಿಯಮ ಒಳಗೆ ಬಾರದಂತೆ ಬಲೆ ಹೊಡೆಯುತ್ತ ನಿಂತಿದ್ದೆನಲ್ಲ, ನನ್ನ ಸ್ಥಿತಿಯನ್ನು ತಾವೇ ಊಹಿಸಿಕೊಳ್ಳಿ. ಗಂಟಲು ತಮ್ಮದಾದರೆ ಅಲರ್ಜಿ, ಅಕ್ಕನದಾದರೆ ಅಡ್ಡಿಯೇ?

ಆ ಕಿಟಕಿಯಿಂದಲೇ, ಸುತ್ತ ಬಣ್ಣದ ದೀಪ ಹಾಕಿದ ತಮ್ಮ ಕಚೇರಿಯ ಕಾರಂಜಿಯೂ ಕಂಡಿತು. ಉದ್ಘಾಟನೆಯ ದಿನ ಚಿಮ್ಮಿದ್ದು ಬಿಟ್ಟರೆ ಮತ್ತೆ ಚಿಮ್ಮಿಲ್ಲವಂತೆ. ನೀರು ಮಾತ್ರ ಹಾಗೇ ಇದೆ, ಹಸಿರುಗಟ್ಟಿ, ನಮ್ಮ ಓಣಿಯ ಗೋಡೆಗೆ ಅಂಟಿಕೊಂಡು. ಇಳಿದು ಹೋಗಿ ಬಗ್ಗಿ ನೋಡಿದೆ. ನೀರಿನ ತುಂಬ ಸೊಳ್ಳೆಮರಿಗಳು ಕುಣಿಯುತ್ತಿದ್ದವು. ನಾವು ತಮಾಷೆಗೆ ಸರ್ಕಾರಿ ಸೊಳ್ಳೆ ಎಂದದ್ದು ಇವನ್ನೇ. ಹೊಗೆ ಗಾಡಿ ಈ ಗೇಟಿನೊಳಗೆ ಬರುವುದಿಲ್ಲ, ಎಣ್ಣೆಯ ಕ್ಯಾನು ಈ ತೊಟ್ಟಿಗೆ ಬಗ್ಗುವುದಿಲ್ಲ. ಇಲ್ಲಿ ಹುಟ್ಟಿ, ಬೆಳೆದು, ಗೋಡೆ ಹಾರಿ ಬಂದ ಸೊಳ್ಳೆಗಾಗಿ ನಮ್ಮ ಮೀನು ಸತ್ತವು, ನಮ್ಮ ಅಕ್ಕ ಸಾಯುವುದರಲ್ಲಿದ್ದಳು.

ಬಲೆ ಹಾಕಲು ಎರಡನೆಯ ಸಲ ಬಂದಾಗ ನನ್ನ ಚೀಲದಲ್ಲಿ ಬಲೆಯ ಸುರುಳಿಯ ಕೆಳಗೆ ಪ್ರೊಫೆಸರನ ಶಾಂಪೂ ಡಬ್ಬಿಗಳಿದ್ದವು. ತಮ್ಮ ಜವಾನರು ಆಗ ಆಕಾಶ ನೋಡುತ್ತಿದ್ದರು. ಅವರನ್ನು ವಿಚಾರಿಸುವ ಅಗತ್ಯವಿಲ್ಲ, ಅವರು ಏನನ್ನೂ ಕಂಡಿಲ್ಲ. ಆ ದಿನದಿಂದ ತಮ್ಮ ಕಾರಂಜಿಯಲ್ಲಿ ಮೀನುಗಳು ಕರ್ತವ್ಯಕ್ಕೆ ಹಾಜರಾಗಿವೆ. ತಮ್ಮ ಕಚೇರಿಯ ಆವರಣದಲ್ಲಿ ದಿನವಿಡೀ ಕೆಲಸ ಮಾಡುವವರನ್ನು ಕಾಣಬೇಕಿದ್ದರೆ ಹೋಗಿ ನೋಡಿಬನ್ನಿ. ಗೋಡೆಯ ಕಡೆಯಿಂದ ಬರುವ ಸೊಳ್ಳೆ ಈಗ ಕಡಿಮೆಯಾಗಿದೆ. ಆ ಮೀನುಗಳ ಪೈಕಿ ಒಂದು ದಪ್ಪಗಾಗಿ ಮೇಲೆ ತೇಲತೊಡಗಿದೆ ಎಂದು ಜವಾನರು ಹೇಳಿ ಕಳಿಸಿದ್ದಾರೆ. ಅಕ್ಕ ಹೆಸರಿನ ವಿಚಾರ ಇನ್ನೂ ತೀರ್ಮಾನಿಸಿಲ್ಲ.

ಸೊಳ್ಳೆ ಕಚ್ಚಿದರೆ ಜ್ವರ ಬರುತ್ತದೆ, ಜ್ವರದಿಂದ ಜನ ಸಾಯುತ್ತಾರೆ, ಅದು ನನಗೂ ಗೊತ್ತು. ಸೊಳ್ಳೆಗಳನ್ನು ಸುಮ್ಮನೆ ಬಿಡಿ ಎಂದು ನಾನು ಹೇಳುತ್ತಿಲ್ಲ. ಊರಿನಲ್ಲಿ ಜ್ವರ ಹಬ್ಬಿ, ಡಾಕ್ಟರುಗಳೇ ಇಲ್ಲಿ ಹೊಗೆ ಹಾಕಲೇಬೇಕು ಅಂದರೆ, ಹಿಂದಿನ ದಿನ ಬಾಗಿಲಿಗೆ ಬಂದು ಒಂದು ಮಾತು ಹೇಳಿ. ಅಕ್ಕನನ್ನು ಬೇರೆಲ್ಲಾದರೂ ಕರೆದೊಯ್ಯುತ್ತೇನೆ. ಆದರೆ ಮರಿಯೇ ಇಲ್ಲದ ಡ್ರಮ್ಮಿಗೆ ಎಣ್ಣೆ, ಮರಿ ತುಂಬಿದ ಕಾರಂಜಿಗೆ ಬಣ್ಣದ ದೀಪ, ಇದು ಯಾವ ಲೆಕ್ಕ?

ಹಾಗಾಗಿ ನನ್ನ ಬೇಡಿಕೆ ಬಹಳ ಸುಲಭದ್ದು. ಹೊಸ ಯೋಜನೆ ಬೇಡ, ಸಮಿತಿ ಬೇಡ, ಅಭಿಯಾನವಂತೂ ಬೇಡವೇ ಬೇಡ. ತಮ್ಮ ಕೋಣೆಗೆ ತಾವು ಏನು ಮಾಡಿಕೊಂಡಿದ್ದೀರೋ ಅದನ್ನೇ ನಮ್ಮ ಓಣಿಗೂ ಬಿಡಿ. ಬಲೆ ನಾವೇ ಹಾಕಿಕೊಂಡಿದ್ದೇವೆ, ಫ್ಯಾನು ನಮ್ಮದೇ, ಡ್ರಮ್ಮು ನಾವೇ ಉಜ್ಜುತ್ತೇವೆ, ಮೀನು ಪ್ರೊಫೆಸರನ ಬಳಿ ಬೇಕಾದಷ್ಟಿವೆ. ಶುಕ್ರವಾರದ ಗಾಡಿ ನಮ್ಮ ಓಣಿಗೆ ಬಾರದಿರಲಿ. ಕಾರಂಜಿಯ ಮೀನುಗಳ ತಂಟೆಗೆ ಯಾರೂ ಹೋಗದಿರಲಿ. ಏನೂ ಮಾಡದಿರುವುದು ತಮ್ಮ ಇಲಾಖೆಗೆ ಹೊಸದೇನಲ್ಲ. ಇದೊಂದು ಸಲ ಅದನ್ನು ಬೇಕೆಂದೇ ಮಾಡಿ.

ಇನ್ನೊಂದು ಬೇಡಿಕೆಯಿದೆ. ಅದು ನನ್ನದಲ್ಲ, ಅಕ್ಕನೂ ಬಾಯಿಬಿಟ್ಟು ಕೇಳಿಲ್ಲ. ಶುಕ್ರವಾರ ಸಂಜೆ ಅವಳು ಓಣಿಯ ಬಾಯಿಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತೇನೆ ಎಂದಿದ್ದಾಳೆ. ಬೇಡವೆಂದು ಎಷ್ಟು ಹೇಳಿದರೂ ಕೇಳುತ್ತಿಲ್ಲ. ಗಾಡಿ ಬಂದರೆ ಅವಳು ಅದನ್ನು ಮತ್ತೊಮ್ಮೆ ತನ್ನ ದನಿಯಿಂದಲೇ ನಿಲ್ಲಿಸಬೇಕು. ಅವಳಲ್ಲಿ ಈಗ ಅಷ್ಟು ಉಸಿರಿಲ್ಲ, ಸ್ವಾಮಿ. ದಿನವೂ ಒಳಕೋಣೆಯಲ್ಲಿ ತನ್ನ ಹಳೆಯ ವಿಷಾದದ ಪ್ರಕಟಣೆಯನ್ನೇ ಹೇಳಿ ಅಭ್ಯಾಸ ಮಾಡುತ್ತಿದ್ದಾಳೆ. ‘ಆಗಿರುವ ಅನಾನುಕೂಲಕ್ಕೆ’ ಎನ್ನುವ ತನಕ ಬರುತ್ತದೆ, ಅಲ್ಲಿಗೆ ಉಸಿರು ನಿಲ್ಲುತ್ತದೆ. ನಾನು ಮಿಷನ್ ನಿಲ್ಲಿಸಿ ಕಾಯುತ್ತೇನೆ. ಮುಂದಿನ ಮಾತು ಬರುವುದಿಲ್ಲ.

ಗಾಡಿಯ ಬದಲು ತಾವು ಬನ್ನಿ. ಒಂದು ಕುರ್ಚಿ ತಮಗೂ ಹಾಕಿಸುತ್ತೇವೆ, ಸೊಳ್ಳೆ ಕಚ್ಚುವುದಿಲ್ಲ, ಅದಕ್ಕೆ ನಾನು ಹೊಣೆ. ಅಕ್ಕನ ಎದುರು ಕುಳಿತು, ಅವಳು ನಿಲ್ಲಿಸಿದಲ್ಲಿಂದ ಆ ವಾಕ್ಯವನ್ನು ಮುಗಿಸಿಕೊಡಿ. ಉಳಿದಿರುವುದು ಒಂದೇ ಪದ. ತಮ್ಮ ಎದೆ ಗಟ್ಟಿಯಾಗಿದೆ, ಬಲೆ ಹೊಡೆಸಿ ಕಾಪಾಡಿಕೊಂಡಿದ್ದೀರಿ, ಒಂದೇ ಉಸಿರಿಗೆ ಹೇಳಬಲ್ಲಿರಿ. ಹೇಳುವಾಗ ಸ್ವಲ್ಪ ಬೇಜಾರು ಪಟ್ಟುಕೊಂಡರೆ ಸಾಕು.

ಇಂತಿ,
ತಮ್ಮ ಕಿಟಕಿಯ ಬಲೆಯಲ್ಲಿ ಒಂದು ಹೊಲಿಗೆಯನ್ನೂ ಸಡಿಲ ಬಿಡದೆ, ಬಿಡಬಹುದಿತ್ತಲ್ಲ ಎಂದು ಈಗಲೂ ಕೊರಗುತ್ತಿರುವ,
ಹಿಂದಿನ ಓಣಿಯ ದರ್ಜಿ